ಸಸ್ಯ ಮೇಳದಲ್ಲಿ ನಾನು ಮೊದಲು ನೋಡುವುದು ಕಾಂಡದ ಗೆರೆ

ಮೊದಲ ಸಲ ಸಸ್ಯ ಮೇಳಕ್ಕೆ ಹೋದಾಗ ನಾನು ಕೊಂಡದ್ದು ಸೀಳುಸೀಳು ಎಲೆಯ ಬಳ್ಳಿ ಮಾನ್‌ಸ್ಟೆರಾದ ಬಿಳಿ ಬಗೆ, ಅಂದರೆ ಎಲ್ಲರೂ ಆಲ್ಬೋ ಎಂದು ಕರೆಯುವುದು. ಅದರಲ್ಲಿ ಮೂರೇ ಎಲೆ. ಮೇಲಿನ ಎರಡು ಎಲೆಗಳಲ್ಲಿ ಹಸಿರು ಅಲ್ಲೊಂದು ಇಲ್ಲೊಂದು ಚುಕ್ಕಿಯಷ್ಟೇ ಇತ್ತು, ಉಳಿದದ್ದೆಲ್ಲ ಹಾಲಿನ ಬಿಳುಪು. ಇಡೀ ಮೇಳದಲ್ಲಿ ಅಷ್ಟು ಚಂದದ ಗಿಡ ಇನ್ನೊಂದಿಲ್ಲ ಅನ್ನಿಸಿತ್ತು. ಮನೆಗೆ ತಂದ ಮೇಲೆ ಬಂದ ಹೊಸ ಎಲೆ ಪೂರ್ತಿ ಬಿಳಿ. ಅದರ ನಂತರದ್ದೂ ಹಾಗೆಯೇ. ಬಿಳಿ ಎಲೆಗಳ ಅಂಚು ಕಂದಾಗಿ ಒಣಗುತ್ತಾ ಬಂತು, ಚಿಗುರು ನಿಂತುಹೋಯಿತು, ವರ್ಷ ತುಂಬುವ ಮೊದಲೇ ಗಿಡ ಹೋಯಿತು. ನೀರು ಜಾಸ್ತಿಯಾಯ್ತಾ, ಬೆಳಕು ಕಡಿಮೆಯಾಯ್ತಾ ಎಂದು ತುಂಬ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ತಿಳಿಯಿತು, ಆ ಗಿಡ ಉಳಿಯುವುದು ಕೊಂಡ ದಿನವೇ ಕಷ್ಟವಿತ್ತು.

ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ. ಅದು ತನ್ನ ಊಟ ತಾನು ಮಾಡಿಕೊಳ್ಳಲಾರದು. ಹಸಿರು ಭಾಗ ದುಡಿದು ಬಿಳಿ ಭಾಗವನ್ನೂ ಸಾಕಬೇಕು. ಹಸಿರೇ ಇಲ್ಲದಿದ್ದರೆ ಗಿಡ ಹಳೆಯ ಉಳಿತಾಯದ ಮೇಲೆ ಸ್ವಲ್ಪ ದಿನ ಬದುಕುತ್ತದೆ, ಅಷ್ಟೇ.

ಇನ್ನೂ ಮುಖ್ಯವಾದ ವಿಷಯ ಕಾಂಡದಲ್ಲಿದೆ. ಇಂಥ ಗಿಡದ ಬೆಳೆಯುವ ತುದಿಯಲ್ಲಿ ಎರಡು ಬಗೆಯ ಜೀವಕೋಶಗಳು ಅಕ್ಕಪಕ್ಕ ಇರುತ್ತವೆ. ಒಂದಕ್ಕೆ ಹಸಿರು ಮಾಡಲು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಇದನ್ನೇ ಕೈಮೆರಾ ಎನ್ನುತ್ತಾರೆ. ಕಾಂಡ ಬೆಳೆದಂತೆ ಆ ಎರಡೂ ಗೆರೆಗೆರೆಯಾಗಿ ಹರಡುತ್ತವೆ. ಗೆಣ್ಣಿನಲ್ಲಿರುವ ಕಣ್ಣು ಯಾವ ಗೆರೆಯ ಮೇಲೆ ಕೂತಿದೆಯೋ ಅದೇ ಬಣ್ಣದ ಚಿಗುರು ಅಲ್ಲಿಂದ ಬರುತ್ತದೆ. ಬರೀ ಬಿಳಿ ಪಟ್ಟಿಯ ಮೇಲಿದ್ದರೆ ಬಿಳಿ ಚಿಗುರು, ಬರೀ ಹಸಿರಿನ ಮೇಲಿದ್ದರೆ ಸಾದಾ ಹಸಿರು. ಎರಡೂ ಗೆರೆ ಕಣ್ಣಿನ ಮೇಲೆ ಹಾದುಹೋಗಿದ್ದರೆ ಮಾತ್ರ ಮುಂದೆಯೂ ಬೆರಕೆ ಎಲೆ ಸಿಗುವ ಭರವಸೆ.

ಅದಕ್ಕೇ ಈಗ ಮಳಿಗೆಯ ಮುಂದೆ ನಿಂತರೆ ಎಲೆಯ ಕಡೆ ಆಮೇಲೆ ನೋಡುತ್ತೇನೆ. ಕುಂಡ ಎತ್ತಿ ನಿಧಾನವಾಗಿ ತಿರುಗಿಸಿ, ಮೇಲಿನಿಂದ ಕೆಳಗಿನವರೆಗೆ ಕಾಂಡದ ಮೇಲೆ ಬೆರಳಿಟ್ಟು ಗೆರೆಯ ಜಾಡು ಹಿಡಿಯುತ್ತೇನೆ. ದಪ್ಪ ಬಿಳಿ ಪಟ್ಟಿಗಿಂತ ಸಣ್ಣ ಸಣ್ಣ ಗೆರೆಗಳು ಸುತ್ತಲೂ ಹಂಚಿಕೊಂಡಿದ್ದರೆ ನನಗೆ ಸಮಾಧಾನ. ಆಮೇಲೆ ಕೊನೆಯ ಎರಡು ಎಲೆ ನೋಡುತ್ತೇನೆ. ಬುಡದ ಎಲೆ ಹಿಂದಿನ ಕಥೆ ಹೇಳುತ್ತದೆ, ಗಿಡ ಈಗ ಯಾವ ಕಡೆ ವಾಲುತ್ತಿದೆ ಎಂದು ಹೇಳುವುದು ತುದಿಯ ಎಲೆ.

ಎಲ್ಲ ಬಣ್ಣದ ಎಲೆಗೂ ಈ ಲೆಕ್ಕ ಹೊಂದುವುದಿಲ್ಲ. ಸಿಂಡಾಪ್ಸಸ್ ಪಿಕ್ಟಸ್ ಎಂಬ ಬಳ್ಳಿಯ ಬೆಳ್ಳಿ ಚುಕ್ಕಿಗಳು ಎಲೆಯ ಮೇಲ್ಪದರದ ಕೆಳಗಿರುವ ಗಾಳಿಯ ಜಾಗದಿಂದ ಹೊಳೆಯುತ್ತವೆ. ಅಲ್ಲಿ ಹಸಿರು ಕಳೆದುಹೋಗಿಲ್ಲ, ಗಿಡ ಗಟ್ಟಿ. ಕಲೇಥಿಯಾ, ಮರಾಂಟಾಗಳ ಚಿತ್ತಾರ ಹುಟ್ಟಿನಿಂದಲೇ ಬಂದದ್ದು, ಬೀಜದಿಂದ ಬೆಳೆದರೂ ಬರುತ್ತದೆ. ಥಾಯ್ ಕಾನ್‌ಸ್ಟಲೇಶನ್ ಎಂಬ ಮಾನ್‌ಸ್ಟೆರಾವನ್ನು ಟಿಶ್ಯೂ ಕಲ್ಚರ್‌ನಲ್ಲಿ, ಅಂದರೆ ಪ್ರಯೋಗಾಲಯದ ಬಾಟಲಿಯೊಳಗೆ ಗಿಡದ ಸಣ್ಣ ಚೂರಿನಿಂದ, ಸಾವಿರಗಟ್ಟಲೆ ಮಾಡುತ್ತಾರೆ. ಅದರ ಕೆನೆಬಣ್ಣದ ಚುಕ್ಕಿ ಗಿಡದ ತುಂಬ ಹರಡಿರುವುದರಿಂದ ಆಲ್ಬೋಗಿಂತ ಹೆಚ್ಚು ನಂಬಬಹುದು. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ.

ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಲಾರೆಂಟಿ ಇನ್ನೊಂದು ಪಾಠ. ಅದರ ಎಲೆ ಕತ್ತರಿಸಿ ನೆಟ್ಟರೆ ಬರುವ ಮರಿ ಸಾದಾ ಹಸಿರು, ಹಳದಿ ಅಂಚು ಇರುವುದಿಲ್ಲ. ಗಡ್ಡೆ ಬೇರ್ಪಡಿಸಿ ನೆಟ್ಟರೆ ಮಾತ್ರ ಅಂಚು ಉಳಿಯುತ್ತದೆ.

ನನಗೆ ನಿಜವಾಗಿ ಬೇಜಾರಾದದ್ದು ಪಿಂಕ್ ಕಾಂಗೋ ಎಂಬ ಗುಲಾಬಿ ಎಲೆಯ ಗಿಡದ ವಿಷಯದಲ್ಲಿ. ಒಬ್ಬರು ಮಾರಾಟಗಾರರು ಇದು ಪಿಂಕ್ ಪ್ರಿನ್ಸೆಸ್ ಗಿಡದ ಥರವೇ, ಗುಲಾಬಿ ಬಣ್ಣ ಹೋಗುವುದಿಲ್ಲ ಎಂದು ಹೇಳಿ ಕೊಟ್ಟರು. ಪಿಂಕ್ ಪ್ರಿನ್ಸೆಸ್‌ನ ಬಣ್ಣ ಗಿಡದ ಒಳಗೇ ಇದೆ, ಕಾಂಡದಲ್ಲೂ ಗುಲಾಬಿ ಗೆರೆ ಕಾಣುತ್ತದೆ. ಪಿಂಕ್ ಕಾಂಗೋದ ಬಣ್ಣ ರಾಸಾಯನಿಕ ಕೊಟ್ಟು ಬರಿಸಿದ್ದು. ಕೆಲವು ತಿಂಗಳಲ್ಲಿ ಹೊಸ ಎಲೆಗಳೆಲ್ಲ ಹಸಿರಾಗಿ ಬಂದವು. ಗಿಡ ಈಗಲೂ ಚೆನ್ನಾಗಿದೆ, ನಾನು ಅದನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತೇನೆ. ಆದರೆ ಕೊಳ್ಳುವವರಿಗೆ ಆ ಮಾತು ಮುಂಚೆಯೇ ಹೇಳಬೇಕು ಅಲ್ವಾ?

ಮೇಳಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುತ್ತೇನೆ. ಮೊದಲ ಸುತ್ತಿನಲ್ಲಿ ಏನೂ ಕೊಳ್ಳುವುದಿಲ್ಲ. ಕೈಯಲ್ಲಿ ಪುಟ್ಟ ಪುಸ್ತಕ, ಯಾವ ಮಳಿಗೆಯಲ್ಲಿ ಯಾವ ಗಿಡ, ಕಾಂಡ ಹೇಗಿದೆ ಎಂದು ಬರೆದುಕೊಳ್ಳುತ್ತೇನೆ. ಹೆಸರಿನ ಚೀಟಿಯನ್ನೂ ಓದುತ್ತೇನೆ, ಏಕೆಂದರೆ ಒಂದೇ ಗಿಡ ಎರಡು ಹೆಸರಲ್ಲಿ ಕೂತಿರುತ್ತದೆ. ಬಹಳಷ್ಟು ಕಲೇಥಿಯಾಗಳನ್ನು 2012ರಲ್ಲಿ ಗೊಪರ್ಟಿಯಾ ಕುಲಕ್ಕೆ ಸೇರಿಸಿದರು, ಚೀಟಿಯಲ್ಲಿ ಇವತ್ತಿಗೂ ಎರಡೂ ಕಾಣುತ್ತವೆ. ಮಿನಿ ಮಾನ್‌ಸ್ಟೆರಾ ಎಂದು ಮಾರುವುದು ಮಾನ್‌ಸ್ಟೆರಾ ಅಲ್ಲವೇ ಅಲ್ಲ, ಅದು ರಾಫಿಡೋಫೋರಾ ಟೆಟ್ರಾಸ್ಪರ್ಮಾ.

ಎರಡನೇ ಸುತ್ತಿನಲ್ಲಿ ಮಾತಿಗೆ ಇಳಿಯುತ್ತೇನೆ. ಇದು ಕಟಿಂಗಾ, ಟಿಶ್ಯೂ ಕಲ್ಚರಾ? ಬೇರು ಬಂದು ಎಷ್ಟು ದಿನ ಆಯ್ತು? ತಾಯಿ ಗಿಡದ ಫೋಟೋ ಇದೆಯಾ? ತಾವೇ ಬೆಳೆಸಿದವರು ಇಂಥ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುತ್ತಾರೆ. ಒಮ್ಮೆ ನಾನು ಒಂದು ಕುಂಡ ಎತ್ತಿಕೊಂಡಿದ್ದೆ. ಬೆಳೆಗಾರರೇ ಕೈಯಿಂದ ವಾಪಸ್ ತೆಗೆದುಕೊಂಡು, "ಇದು ಬೇಡ ನಿಮಗೆ. ನೆಟ್ಟು ಇನ್ನೂ ಹತ್ತು ದಿನ ಆಗಿಲ್ಲ, ಬೇರು ಸರಿಯಾಗಿ ಹಿಡಿದಿಲ್ಲ. ಆ ಮೂಲೇದು ತಗೊಳ್ಳಿ, ನೋಡೋಕೆ ಸುಮಾರು, ಆದ್ರೆ ಗಟ್ಟಿ" ಅಂದರು. ಮೂಲೆಯಲ್ಲಿದ್ದದ್ದು ಎರಡೇ ಎಲೆಯ ಆಲ್ಬೋ. ಎಲೆಗಳು ಬಹುಪಾಲು ಹಸಿರು, ಬಿಳಿ ಎಂದರೆ ಬಣ್ಣದ ಬ್ರಶ್ ಒದರಿದ ಹಾಗೆ ಒಂದಿಷ್ಟು ಹನಿ. ಯಾರೂ ಅದನ್ನು ಮುಟ್ಟಿರಲಿಲ್ಲ. ತಿರುಗಿಸಿ ನೋಡಿದೆ. ಕಾಂಡದ ಸುತ್ತ ದಾರದಂಥ ಬಿಳಿ ಗೆರೆಗಳು, ಒಂದು ಸರಿಯಾಗಿ ಕಣ್ಣಿನ ನಡುವೆಯೇ ಹಾದಿತ್ತು. ಅದನ್ನೇ ತಂದೆ.

ಹಣ ಕೊಡುವ ಮುಂಚೆ ಹುಳದ ತಪಾಸಣೆ. ಚೀಲದಲ್ಲಿ ಒಂದು ಭೂತಕನ್ನಡಿ, ಒಂದು ಸಣ್ಣ ಟಾರ್ಚ್ ಇರುತ್ತದೆ. ಎಲೆಯ ಹಿಂಬದಿ, ತೊಟ್ಟು ಕಾಂಡಕ್ಕೆ ಸೇರುವ ಸಂದು, ಸುರುಳಿ ಬಿಚ್ಚದ ಚಿಗುರು, ಈ ಮೂರೂ ನೋಡಲೇಬೇಕು. ಸಂದಿಯಲ್ಲಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ತೆಳು ಬಲೆ, ಎಲೆಯ ಮೇಲೆ ಮಸುಕು ಚುಕ್ಕಿ ಇದ್ದರೆ ನುಸಿ. ಬೆಳ್ಳಿಯಂಥ ಗೀರು, ಅದರ ಮೇಲೆ ಕಪ್ಪು ಚುಕ್ಕಿ ಇದ್ದರೆ ಥ್ರಿಪ್ಸ್ ಎಂಬ ಸಣ್ಣ ಹುಳ. ಥ್ರಿಪ್ಸ್ ಕಂಡರೆ ಆ ಮೇಜಿನ ಯಾವ ಗಿಡವನ್ನೂ ನಾನು ಕೊಳ್ಳುವುದಿಲ್ಲ, ಏಕೆಂದರೆ ಅದಕ್ಕೆ ರೆಕ್ಕೆ ಇದೆ. ಒಂದು ಸಲ ಅವಸರದಲ್ಲಿ ಇದನ್ನು ಬಿಟ್ಟೆ. ನಾಲ್ಕು ವರ್ಷ ಸಾಕಿದ ಆಂಥೂರಿಯಂ ಒಂದನ್ನು ಅದರಿಂದ ಕಳೆದುಕೊಂಡೆ. ಆ ನೋವು ಇನ್ನೂ ಇದೆ.

ಮನೆಗೆ ತಂದ ಗಿಡ ಮೂರು ವಾರ ಬೇರೆ ಕೋಣೆಯಲ್ಲಿ. ಎಲೆಗಳನ್ನು ಎರಡೂ ಬದಿ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ, ವಾರಕ್ಕೊಮ್ಮೆ ಮತ್ತೆ ಭೂತಕನ್ನಡಿ ಹಿಡಿಯುತ್ತೇನೆ. ಬೇರು ಕೊಳೆತ ವಾಸನೆ ಬಂದರೆ ಬೇರೆ ಮಾತು, ಇಲ್ಲದಿದ್ದರೆ ಕುಂಡ ತಕ್ಷಣ ಬದಲಿಸುವುದಿಲ್ಲ. ಜಾಗ ಬದಲಾದ ಗಿಡಕ್ಕೆ ಒಂದೇ ವಾರದಲ್ಲಿ ಮಣ್ಣೂ ಬದಲಾದರೆ ತಡೆಯುವುದು ಕಷ್ಟ. ಟಿಶ್ಯೂ ಕಲ್ಚರ್‌ನ ಪುಟ್ಟ ಸಸಿಯಾದರೆ ತೆಳು ಪಾರದರ್ಶಕ ಡಬ್ಬಿ ಕವಿಚಿ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು ತೆಗೆದಿಟ್ಟು ಹೊರಗಿನ ಗಾಳಿಗೆ ಒಗ್ಗಿಸುತ್ತೇನೆ. ಅದು ಹುಟ್ಟಿದ್ದೇ ತುಂಬ ತೇವದ ಬಾಟಲಿಯೊಳಗೆ.

ಬೆಳಕು ಚೆನ್ನಾಗಿರಬೇಕು, ನೇರ ಬಿಸಿಲು ಬೇಡ. ಬಿಳಿ ಭಾಗ ಬೇಗ ಸುಡುತ್ತದೆ.

ಆ ಎರಡೆಲೆಯ ಆಲ್ಬೋ ಮೊದಲು ಸಾದಾ ಹಸಿರು ಎಲೆ ಬಿಟ್ಟಿತು. ಅದರ ನಂತರದ್ದೂ ಹಸಿರು. ಕಾಂಡದಲ್ಲಿ ಬಿಳಿ ಗೆರೆ ಇನ್ನೂ ಇದ್ದ ಗೆಣ್ಣಿನವರೆಗೆ ಧೈರ್ಯ ಮಾಡಿ ಕತ್ತರಿಸಿದೆ. ಈ ಗಿಡಗಳ ರಸ ಚರ್ಮಕ್ಕೆ ಉರಿ ತರಿಸುತ್ತದೆ, ಕೈಗವಸು ಬೇಕು, ತುಂಡುಗಳು ಮಕ್ಕಳಿಗೆ, ಬೆಕ್ಕು ನಾಯಿಗೆ ಸಿಗಬಾರದು. ಐದು ವಾರ ಏನೂ ಆಗಲಿಲ್ಲ. ಆಮೇಲೆ ಆ ಕಣ್ಣು ಉಬ್ಬಿತು, ಒಂದು ಬೆಳಿಗ್ಗೆ ಅರ್ಧ ಬಿಳಿ ಅರ್ಧ ಹಸಿರಿನ ಸುರುಳಿ ಹೊರಬಂತು. ಈಗ ಅದರಲ್ಲಿ ಏಳು ಎಲೆ ಇವೆ. ಹೋದ ತಿಂಗಳು ಒಂದು ಗೆಣ್ಣು ಕತ್ತರಿಸಿ ಪಾಚಿಯಲ್ಲಿ ಇಟ್ಟಿದ್ದೇನೆ, ಬೆರಳುದ್ದದ ಬೇರು ಬಂದಿದೆ. ಮುಂದಿನ ಮೇಳದಲ್ಲಿ ನನ್ನ ಕೈಯಿಂದ ಕುಂಡ ತೆಗೆದುಕೊಂಡಿದ್ದ ಆ ಬೆಳೆಗಾರರಿಗೆ ಅದನ್ನು ಕೊಡಬೇಕು.