ಟಸ್ಕನಿಯ ವೈನ್ ಗುಡ್ಡಗಳಿಗೆ ಹೋಗುವವರಿಗೆ, ಕಾರು ಓಡಿಸುವವಳಿಂದ

ಟಸ್ಕನಿಗೆ ಹೊರಟ ಗುಂಪಿನಲ್ಲಿ ವೈನ್ ಮುಟ್ಟದವರು ಒಬ್ಬರಾದರೂ ಇರಬೇಕು. ನಮ್ಮಲ್ಲಿ ಅದು ನಾನು. ನಮ್ಮನೆಯವರು ರುಚಿ ನೋಡುತ್ತಾರೆ, ನಾನು ಸ್ಟೀರಿಂಗ್ ಹಿಡಿಯುತ್ತೇನೆ. ಇಟಲಿಯಲ್ಲಿ ಲೀಟರ್ ರಕ್ತಕ್ಕೆ 0.5 ಗ್ರಾಂ ಮದ್ಯ ದಾಟಿದರೆ ದಂಡ ಗ್ಯಾರಂಟಿ. ಲೈಸೆನ್ಸ್ ಸಿಕ್ಕು 3 ವರ್ಷ ತುಂಬದವರಿಗೆ ಅಷ್ಟೂ ಇಲ್ಲ, ಸೊನ್ನೆಯೇ. ಎಲ್ಲರೂ ಕುಡಿಯುವವರೇ ಆದರೆ ಡ್ರೈವರ್ ಸಮೇತ ವ್ಯಾನ್ ಮಾಡಿಕೊಳ್ಳಿ, ದುಬಾರಿಯಾದರೂ.

ಎಲ್ಲಿಗೆ ಅಂದರೆ, ಸಿಯೆನಾದಿಂದ ದಕ್ಷಿಣಕ್ಕೆ, ವಾಲ್ ದೋರ್ಚಾ ಕಣಿವೆಗೆ. ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಕಿಯಾಂತಿಯೂ ಚೆಂದವೇ, ಆದರೆ ಅಲ್ಲಿ ಕಾಡು ಜಾಸ್ತಿ, ಟೂರಿಸ್ಟ್ ಬಸ್ಸುಗಳೂ ಜಾಸ್ತಿ. ಪಿಯೆಂಜಾ ಊರಿನ ಆಸುಪಾಸಿನಲ್ಲಿ ಒಂದು ತೋಟದ ಮನೆ ಹಿಡಿದು ಅಲ್ಲೇ ಬಿಡಾರ ಹೂಡಿ. ಇವಕ್ಕೆ 'ಅಗ್ರಿತುರಿಸ್ಮೊ' ಅನ್ನುತ್ತಾರೆ. ಮುಖ್ಯ ಕಸುಬು ಬೇಸಾಯವೇ ಆಗಿರಬೇಕು ಅನ್ನುವುದು ಅಲ್ಲಿಯ ಕಾನೂನು, ಹಾಗಾಗಿ ಬೆಳಗಿನ ತಿಂಡಿಗೆ ಬರುವ ಜಾಮು, ಆಲಿವ್ ಎಣ್ಣೆ ಎಷ್ಟೋ ಸಲ ಅದೇ ತೋಟದ್ದು. ವೈನಿನ ಊರುಗಳಾದ ಮೊಂತೆಪುಲ್ಚಾನೊ ಅಲ್ಲಿಂದ 15 ಕಿ.ಮೀ. ಒಳಗೆ, ಮೊಂತಾಲ್ಚಿನೊ ಸುಮಾರು ಅರ್ಧ ಗಂಟೆಯ ದಾರಿ. ದಿನಕ್ಕೊಂದು ಹೋಟೆಲ್ ಬದಲಿಸುವ ಟೂರು ಇಲ್ಲಿಗೆ ಒಗ್ಗುವುದಿಲ್ಲ.

ಈಗ ಕಾರಿನ ವಿಷಯ, ಹೆಚ್ಚಿನವರಿಗೆ ತಲೆನೋವು ಬರುವುದೇ ಇಲ್ಲಿ. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒದಲ್ಲಿ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕಡ್ಡಾಯ; ಊರು ಬಿಡುವ ಮುಂಚೆಯೇ ಮಾಡಿಸಿಕೊಳ್ಳಿ. ಬಾಡಿಗೆ ಕಾರುಗಳಲ್ಲಿ ಮ್ಯಾನ್ಯುಯಲ್ ಗೇರೇ ಹೆಚ್ಚು. ಎಡಗಡೆ ಕೂತು ಬಲಗೈಯಲ್ಲಿ ಗೇರು ಹಾಕುತ್ತಾ ರಸ್ತೆಯ ಬಲಬದಿಗೆ ಒಗ್ಗಿಕೊಳ್ಳುವ ಹೊತ್ತಿಗೆ ರಜೆ ಮುಗಿದಿರುತ್ತದೆ, ಆಟೋಮ್ಯಾಟಿಕ್ ಕೇಳಿ ಬುಕ್ ಮಾಡಿ. ಬಂಕಿನಲ್ಲಿ 'ಗಸೋಲಿಯೊ' ಅಂತ ಕಂಡರೆ ಅದು ಡೀಸೆಲ್, ಪೆಟ್ರೋಲಿಗೆ 'ಬೆಂಜೀನಾ'. 'ಸೆರ್ವಿತೊ' ಎಂದಿರುವ ಪಂಪಿನಲ್ಲಿ ಅವರೇ ತುಂಬಿಸುತ್ತಾರೆ, ಲೀಟರಿಗೆ ಹೆಚ್ಚು ಕೀಳುತ್ತಾರೆ.

ಎಲ್ಲಕ್ಕಿಂತ ಜೋಪಾನವಾಗಿರಬೇಕಾದದ್ದು ಜಡ್‌ಟಿಎಲ್ (ZTL, ಗಾಡಿ ಓಡಾಟಕ್ಕೆ ಮಿತಿ ಇರುವ ಜಾಗ) ಬೋರ್ಡಿನ ಬಗ್ಗೆ. ಬಿಳಿ ವೃತ್ತ, ಸುತ್ತ ಕೆಂಪು ಅಂಚು. ಅದರಾಚೆ ಊರಿನವರ ಗಾಡಿಗಳಿಗೆ ಮಾತ್ರ ಪ್ರವೇಶ. ತಡೆಯಲು ಪೊಲೀಸರು ನಿಂತಿರುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದುಕೊಳ್ಳುತ್ತದೆ, ದಂಡದ ಚೀಟಿ ಎಷ್ಟೋ ತಿಂಗಳಾದ ಮೇಲೆ ಮನೆ ಬಾಗಿಲಿಗೆ ಬರುತ್ತದೆ. ಬಾಡಿಗೆ ಕಂಪನಿಯ ಚಾರ್ಜು ಬೇರೆ. ಮ್ಯಾಪಿನಲ್ಲಿ ಹೆಂಗಸು ಏನೇ ಹೇಳಲಿ, ಕೋಟೆ ಗೋಡೆಯ ಹೊರಗೇ ಗಾಡಿ ನಿಲ್ಲಿಸಿ. ನೀಲಿ ಗೆರೆಯೊಳಗೆ ಕಾಸು ಕೊಡಬೇಕು, ಬಿಳಿ ಗೆರೆ ಸಾಮಾನ್ಯವಾಗಿ ಪುಕ್ಕಟೆ, ಹಳದಿ ನಿಮ್ಮದಲ್ಲ. ಅಲ್ಲಿಂದ ಮೇಲಕ್ಕೆ ನಡಿಗೆಯೇ. ಮೊಂತೆಪುಲ್ಚಾನೊದ ಮುಖ್ಯ ಬೀದಿ ಕೆಳಬಾಗಿಲಿನಿಂದ ಪಿಯಾಜಾ ಗ್ರಾಂದೆ ಚೌಕದವರೆಗೆ ಏರುತ್ತಲೇ ಹೋಗುತ್ತದೆ. ಆಗಸ್ಟ್ ಕೊನೆಯ ಭಾನುವಾರ ಊರಿನ ಕೇರಿಗಳವರು ಇದೇ ಏರಿನಲ್ಲಿ ಸುಮಾರು 80 ಕಿಲೋ ಪೀಪಾಯಿ ಉರುಳಿಸಿಕೊಂಡು ಪಂದ್ಯ ಓಡುತ್ತಾರೆ. ನೀವು ನೀರಿನ ಬಾಟ್ಲಿ ಹೊತ್ತು ಹತ್ತಿದರೆ ಸಾಕು, ಚಪ್ಪಲಿ ಬೇಡ, ಶೂ ಹಾಕಿ.

ವೈನ್ ನೋಡಲು ಮೊಂತಾಲ್ಚಿನೊ. ಬ್ರುನೆಲ್ಲೊ ಅನ್ನುವ ದುಬಾರಿ ವೈನಿನ ಊರು ಅದು. ಸಾಂಜೊವೇಜೆ ದ್ರಾಕ್ಷಿ ಬಿಟ್ಟು ಬೇರೆ ಸೇರಿಸುವಂತಿಲ್ಲ, ಕನಿಷ್ಠ 2 ವರ್ಷ ಓಕ್ ಮರದ ಪೀಪಾಯಿಯಲ್ಲಿ ಇಡಬೇಕು, ಸುಗ್ಗಿಯಾಗಿ ಐದನೆಯ ವರ್ಷದ ಜನವರಿ 1ರ ತನಕ ಮಾರುವಂತಿಲ್ಲ; 2020ರ ಬೆಳೆ 2025ಕ್ಕೆ ಅಂಗಡಿಗೆ. ಅದೇ ದ್ರಾಕ್ಷಿಯ ರೊಸ್ಸೊ ಬೇಗ ಹೊರಗೆ ಬರುತ್ತದೆ, ಬೆಲೆಯೂ ಎಷ್ಟೋ ಕಡಿಮೆ. ನಮ್ಮನೆಯವರ ಜೇಬಿಗೂ ನಾಲಿಗೆಗೂ ರೊಸ್ಸೊನೇ ಹಿಡಿಸಿತು. ತೋಟಗಳಿಗೆ ಮೊದಲೇ ಮೇಲ್ ಮಾಡಿ ಹೊತ್ತು ಗೊತ್ತು ಮಾಡಿಕೊಳ್ಳಿ. ಸುಮ್ಮನೆ ಗೇಟಿಗೆ ಹೋಗಿ ನಿಂತರೆ ಯಾರೂ ಬರುವುದಿಲ್ಲ. ಬೆಳಿಗ್ಗೆ ಒಂದು ಸಾಕು, ಹೆಚ್ಚೆಂದರೆ ಮಧ್ಯಾಹ್ನ ಇನ್ನೊಂದು. ಮೂರನೆಯದರಲ್ಲಿ ಎಲ್ಲವೂ ಒಂದೇ ರುಚಿ ಅಂತ ಕುಡಿಯುವವರೇ ಹೇಳುತ್ತಾರೆ.

ಕುಡಿಯದವರು ಕಾರಿನಲ್ಲಿ ಕಾಯುತ್ತಾ ಕೂರಬೇಡಿ, ಒಳಗೆ ಬನ್ನಿ. ನೆಲಮಾಳಿಗೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಆಳೆತ್ತರಕ್ಕೂ ಮೀರಿದ ಪೀಪಾಯಿಗಳು ಸಾಲಾಗಿ, ಹಲಗೆ ಸಂದಿನಲ್ಲಿ ಒಸರಿದ ಕೆಂಪು ಕರೆ, ಗಾಳಿಯಲ್ಲಿ ಒದ್ದೆ ಮರದ ವಾಸನೆ. ನಾನು ಲೋಟ ಇಸಿದುಕೊಂಡು ಮೂಸುವುದಷ್ಟೇ. ಮೊದಲು ಹುಳಿ ಚೆರ್ರಿ, ಲೋಟ ತಿರುಗಿಸಿ ಸ್ವಲ್ಪ ಹೊತ್ತು ಬಿಟ್ಟರೆ ಚರ್ಮ, ಹೊಗೆಸೊಪ್ಪು. ಬಾಯಿಗೆ ಹಾಕಿಕೊಂಡದ್ದನ್ನು ಉಗುಳಲು ಮೇಜಿನ ಮೇಲೆ ಪಾತ್ರೆ ಇಟ್ಟಿರುತ್ತಾರೆ, ಅದರಲ್ಲಿ ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಪಿಯೆಂಜಾಕ್ಕೆ ಸಂಜೆ ಹೋಗಿ. ಎರಡನೆಯ ಪಿಯುಸ್ ಪೋಪ್ ತಾನು ಹುಟ್ಟಿದ ಹಳ್ಳಿಯನ್ನು 1459ರಿಂದ ಹೊಸದಾಗಿ ಕಟ್ಟಿಸಿ ತನ್ನದೇ ಹೆಸರಿಟ್ಟ ಊರು. ಅವನ ಅರಮನೆಯ ಹಿಂದಿನ ತೋಟದಿಂದ ಇಡೀ ಕಣಿವೆ, ಆಚೆಗೆ ಅಮಿಯಾತಾ ಬೆಟ್ಟ ಕಾಣುತ್ತದೆ. ಫೋಟೋಗಳಲ್ಲಿ ನೋಡುವ ಆ ಹಸಿರು ಅಲೆಗಳು ಬಹುಪಾಲು ದ್ರಾಕ್ಷಿಯಲ್ಲ, ಗೋಧಿ ಹೊಲ. ಹಸಿರು ಬೇಕಾದರೆ ಏಪ್ರಿಲ್-ಮೇ. ಆಗಸ್ಟಿಗೆ ಎಲ್ಲಾ ಕೊಯ್ದು ಮಣ್ಣು ಬಣ್ಣ. ದ್ರಾಕ್ಷಿ ಸುಗ್ಗಿ ನೋಡಬೇಕಾದರೆ ಸೆಪ್ಟೆಂಬರ್.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. 'ಪಿಚಿ' ಅಂತ ದಪ್ಪ ಶಾವಿಗೆ, ಮೊಟ್ಟೆ ಹಾಕದೆ ಹಿಟ್ಟು-ನೀರಿನಲ್ಲೇ ಕಲಸುವುದು ಹೆಚ್ಚು. ನಮ್ಮ ತೋಟದ ಮನೆಯ ಅಜ್ಜಿ ಹಲಗೆಯ ಮೇಲೆ ದೀಪದ ಬತ್ತಿ ಹೊಸೆದ ಹಾಗೆ ಅಂಗೈಯಲ್ಲಿ ಒಂದೊಂದೇ ಎಳೆ ಹೊಸೆಯುತ್ತಿದ್ದರು. ಬೆಳ್ಳುಳ್ಳಿ-ಟೊಮೇಟೊದ 'ಆಲ್ಯೋನೆ' ಹಾಕಿಸಿಕೊಳ್ಳಿ. ಸೂಪಿಗೆ ಮಾಂಸದ ಸಾರು ಸೇರಿಸಿದ್ದಾರೆಯೇ ಅಂತ ಕೇಳಿಯೇ ತರಿಸಿ. ಚೀಸ್ ಹೆಪ್ಪಿಗೆ ಹೆಚ್ಚಾಗಿ ಕರುವಿನದೋ ಕುರಿಮರಿಯದೋ ಹೊಟ್ಟೆಯ ಅಂಶ ಬಳಸುತ್ತಾರೆ. ಮಡಿಯವರು 'ಕಾಲ್ಯೊ ವೆಜೆತಾಲೆ' (ಸಸ್ಯಮೂಲದ ಹೆಪ್ಪು) ಅಂತ ಬರೆದದ್ದನ್ನೇ ಕೊಳ್ಳಿ. ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ರಾತ್ರಿ ಏಳೂವರೆಗೆ. ನಡುವಿನ ಹಸಿವಿಗೆ ನಾನು ಶೇಂಗಾ ಚಟ್ನಿಪುಡಿ ಒಯ್ಯುತ್ತೇನೆ. ಅಲ್ಲಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಪುಡಿ ಉದುರಿಸಿ ಮೇಲೆ ಆಲಿವ್ ಎಣ್ಣೆ ಸುರಿದರೆ ಸರಿಹೋಗುತ್ತದೆ. ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ 2-3 ಯೂರೋ ಹಾಕಿದ್ದರೆ ಜಗಳಕ್ಕೆ ನಿಲ್ಲಬೇಡಿ, ಅದು ಮೇಜಿಗೆ ಕೂತ ಶುಲ್ಕ.

ವಾಪಸ್ ಬರುವಾಗ ಒಬ್ಬ ವಯಸ್ಕರಿಗೆ 2 ಲೀಟರ್ ಮದ್ಯಕ್ಕೆ ಸುಂಕವಿಲ್ಲ. ಕುಡಿಯದವರ ಪಾಲೂ ಲೆಕ್ಕಕ್ಕುಂಟು, ಅಂದರೆ ತಲೆಗೆ 750 ಮಿ.ಲೀ.ನ ಎರಡೆರಡು ಬಾಟ್ಲಿ. ನನ್ನ ಪಾಲಿನದನ್ನೂ ನಮ್ಮನೆಯವರೇ ತುಂಬಿಸಿಕೊಳ್ಳುತ್ತಾರೆ, ಅದಕ್ಕೆ ಪ್ರತಿಯಾಗಿ ಒಂದು ಕ್ಯಾನ್ ಆಲಿವ್ ಎಣ್ಣೆ ನನಗೆ ಅನ್ನುವುದು ಒಪ್ಪಂದ. ಎಲ್ಲವೂ ಚೆಕ್-ಇನ್ ಪೆಟ್ಟಿಗೆಗೇ ಹೋಗಬೇಕು. ಕಾಲುಚೀಲದೊಳಗೆ ತೂರಿಸಿ, ಸ್ವೆಟರಿನಲ್ಲಿ ಸುತ್ತಿ, ನಟ್ಟನಡುವೆ ಇಡಿ.