ಎರಡನೇ ವಾರಕ್ಕೇ ಕೈಬಿಡದಂತೆ ವ್ಯಾಯಾಮ ಶುರು ಮಾಡುವುದು ಹೇಗೆ?

ವ್ಯಾಯಾಮ ಬಿಟ್ಟವರನ್ನು ಕೇಳಿದರೆ ‘ಟೈಮೇ ಸಿಗಲ್ಲ’ ಎನ್ನುತ್ತಾರೆ. ಅಸಲಿ ಕಾರಣ ಎಷ್ಟೋ ಸಲ ಬೇರೆಯೇ ಇರುತ್ತದೆ: ಮೊದಲ ವಾರ ಹುಮ್ಮಸ್ಸಿನಲ್ಲಿ ಅತಿಯಾಗಿ ಮಾಡಿ, ಎರಡನೇ ವಾರ ಮಂಡಿ ಹಿಡಿದುಕೊಂಡು ಕೂರುವುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕೆನ್ನುತ್ತದೆ. ಅದು ಮುಟ್ಟಬೇಕಾದ ಗುರಿ, ಮೊದಲ ದಿನದ ಲೆಕ್ಕವಲ್ಲ.

ಹೃದ್ರೋಗ ಇದ್ದವರು, ಶ್ರಮಪಟ್ಟಾಗ ಎದೆ ಬಿಗಿಯುವವರು ಅಥವಾ ತಲೆ ಸುತ್ತುವವರು ಮೊದಲು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ತೆಗೆದುಕೊಳ್ಳುವವರೂ ಕೇಳಿಕೊಂಡೇ ಶುರು ಮಾಡಲಿ. ವ್ಯಾಯಾಮದಿಂದ ಸಕ್ಕರೆ ತೀರಾ ಕೆಳಗಿಳಿಯುವುದುಂಟು.

1. ಹತ್ತು ನಿಮಿಷದ ನಡಿಗೆ

ಮೊದಲ ವಾರ ದಿನಕ್ಕೆ 10 ನಿಮಿಷದಂತೆ ಐದು ದಿನ ನಡೆಯಿರಿ. ಪ್ರತಿ ವಾರ 5 ನಿಮಿಷ ಸೇರಿಸುತ್ತಾ ಹೋದರೆ ಐದನೇ ವಾರಕ್ಕೆ ದಿನಕ್ಕೆ 30 ನಿಮಿಷ, ವಾರಕ್ಕೆ 150.

ಎಡವುವುದು ವೇಗದಲ್ಲಿ. ಮೊಬೈಲ್ ನೋಡುತ್ತಾ ಅಡ್ಡಾಡಿದರೆ ಹೃದಯಕ್ಕೆ ಕೆಲಸವೇ ಸಿಗುವುದಿಲ್ಲ. 15 ಸೆಕೆಂಡಿನಲ್ಲಿ ಎಷ್ಟು ಹೆಜ್ಜೆ ಹಾಕುತ್ತೀರಿ ಎಣಿಸಿ. 25ರ ಆಸುಪಾಸಿನಲ್ಲಿದ್ದರೆ ಹೆಚ್ಚಿನವರಿಗೆ ಅದು ಮಧ್ಯಮ ವೇಗ. ಇನ್ನೂ ಸುಲಭದ ಅಳತೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತೇ ತುಂಡಾಗುತ್ತಿದ್ದರೆ ವೇಗ ತಗ್ಗಿಸಿ. ಕೊನೆಯ ಮೂರು ನಿಮಿಷ ನಿಧಾನವಾಗಿರಲಿ. ಬಿರುಸಿನ ನಡಿಗೆಯಿಂದ ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲೆ ಬರಬಹುದು.

(ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ. ಅಷ್ಟಾಗಲಿಲ್ಲವೆಂದು ಕೊರಗಬೇಕಿಲ್ಲ.)

2. ಕುರ್ಚಿ ಮತ್ತು ಗೋಡೆ

ಮೇಲೆ ಹೇಳಿದ ಎರಡು ದಿನದ ಸ್ನಾಯುಬಲದ ವ್ಯಾಯಾಮ, ನಡಿಗೆಯೊಂದೇ ಸಾಕೆಂದು ನಂಬಿದವರು ಬಿಟ್ಟುಬಿಡುವ ಭಾಗ ಇದು. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಬರೀ ನಡಿಗೆ ಅದನ್ನು ಅಷ್ಟಾಗಿ ತಡೆಯುವುದಿಲ್ಲ.

ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟು, ಅದರ ಮುಂದೆ ಪಾದಗಳನ್ನು ಭುಜದಷ್ಟು ಅಗಲಿಸಿ ನಿಲ್ಲಿ. ಸೊಂಟವನ್ನು ಹಿಂದಕ್ಕೆ ತಳ್ಳುತ್ತಾ ಮೂರು ಎಣಿಸುವಷ್ಟು ಹೊತ್ತಿನಲ್ಲಿ ಕೂರಿ, ಕೈ ಊರದೆ ಏಳಿ. ಇದನ್ನು 8ರಿಂದ 12 ಸಲ ಮಾಡಿ, ಒಂದೂವರೆ ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಹಿಮ್ಮಡಿ ಎದ್ದರೆ ಭಾರ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ಮಂಡಿಗಳು ಒಳಕ್ಕೆ ವಾಲದೆ ಕಾಲ್ಬೆರಳಿನ ದಿಕ್ಕಿಗೇ ಇರಲಿ. ಕೊನೆಯಲ್ಲಿ ಧೊಪ್ಪನೆ ಕುಸಿದರೆ ತೊಡೆ ಕೆಲಸ ಮಾಡುವುದು ನಿಂತಿತೆಂದೇ ಅರ್ಥ. ದಿಂಬು ಹಾಕಿ ಎತ್ತರ ಹೆಚ್ಚಿಸಿಕೊಳ್ಳಿ. ಏಳುವಾಗ ಉಸಿರು ಬಿಡಿ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ದಿಢೀರನೆ ಏರುತ್ತದೆ.

ತೋಳು, ಎದೆಗೆ ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈಗಳನ್ನು ಗೋಡೆಗೆ ಊರಿ ದಂಡ ತೆಗೆಯಿರಿ, ಇಷ್ಟೇ ಎಣಿಕೆ.

3. ನೋವನ್ನು ಬೇರ್ಪಡಿಸಿ ನೋಡಿ

ಎರಡೂ ತೊಡೆಗಳಲ್ಲಿ ಮಾರನೆಯ ದಿನ ಕಾಣಿಸಿ ಎರಡು-ಮೂರು ದಿನದಲ್ಲಿ ಇಳಿಯುವ ಮಂದ ನೋವು ಸಹಜ. ಒಂದೇ ಕೀಲಿನಲ್ಲಿ ಚುಚ್ಚುವ ನೋವು, ಊತ ಬಂದರೆ ನಿಲ್ಲಿಸಿ. ಸ್ನಾಯು ಕೆಲವೇ ವಾರಗಳಲ್ಲಿ ಹುರಿಗೊಳ್ಳುತ್ತದೆ, ಅದನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿಗೆ ತಿಂಗಳುಗಳೇ ಬೇಕು. ‘ಈಗ ಓಡಬಲ್ಲೆ’ ಅನ್ನಿಸುವ ಹೊತ್ತಿಗೇ ಗಾಯಗಳಾಗುವುದು ಇದಕ್ಕೇ.

4. ಫಲವನ್ನು ತಕ್ಕಡಿಯಲ್ಲಿ ಹುಡುಕಬೇಡಿ

ತೂಕ ಇಳಿಯುವುದು ತಡ, ಕೆಲವೊಮ್ಮೆ ಇಳಿಯುವುದೇ ಇಲ್ಲ. ಒಳಗಿನ ಲಾಭ ಅದಕ್ಕೆ ಕಾಯುವುದಿಲ್ಲ. ದುಡಿಯುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಇನ್ಸುಲಿನ್‌ಗೆ ಸ್ನಾಯು ಚೆನ್ನಾಗಿ ಸ್ಪಂದಿಸುವ ಗುಣ ಒಂದೆರಡು ದಿನ ಉಳಿಯುತ್ತದೆ, ಹಾಗಾಗಿ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ. ಹೃದಯದ ಮಾತಿಗೆ ಬಂದರೆ, ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಕೂತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ಬ್ರಿಟನ್ನಿನ ವೈದ್ಯ ಸಂಶೋಧಕ ಜೆರೆಮಿ ಮಾರಿಸ್ ಅವರ ತಂಡ 1953ರಲ್ಲೇ ಪ್ರಕಟಿಸಿತ್ತು.

ನಿಮ್ಮದನ್ನು ಅಳೆಯಲು ಎರಡು ಸಂಖ್ಯೆ ಬರೆದಿಡಿ: ಬೆಳಿಗ್ಗೆ ಹಾಸಿಗೆ ಬಿಡುವ ಮುನ್ನ ಒಂದು ನಿಮಿಷದ ನಾಡಿ ಬಡಿತ ಮತ್ತು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಕೈ ಊರದೆ ಎಷ್ಟು ಸಲ ಏಳುತ್ತೀರಿ ಎಂಬುದು. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಜ್ವರವೋ ಪ್ರಯಾಣವೋ ಬಂದು ಎರಡು ವಾರ ತಪ್ಪಿದರೆ ನಿಲ್ಲಿಸಿದಲ್ಲಿಂದಲೇ ಹಿಡಿಯಬೇಡಿ. ನಡಿಗೆಯ ನಿಮಿಷ ಅರ್ಧಕ್ಕಿಳಿಸಿ, ಕುರ್ಚಿಯ ಒಂದೇ ಸುತ್ತು ಮಾಡಿ, ವಾರಕ್ಕೆ ಐದೈದು ನಿಮಿಷದಂತೆ ಮತ್ತೆ ಏರಿಸಿ.