ಹಲಗೆ ಬಡಿದರೆ ಬಾಗಿಲು ಹಾಕಿದಂತಲ್ಲ

ಆರ್ಥಿಕ ಹಿಂಜರಿತದ ಬಗ್ಗೆ ಇಂಗ್ಲಿಷ್ ಲೇಖನವೊಂದನ್ನು ಅನುವಾದಿಸುತ್ತಿದ್ದೆ. ಕೆಟ್ಟ ದಿನಗಳ ಸುಳಿವು ಸಿಕ್ಕ ಕಂಪನಿಗಳು ‘ಬ್ಯಾಟನ್ ಡೌನ್ ದ ಹ್ಯಾಚಸ್’ ಮಾಡುತ್ತಿವೆ ಎಂದಿತ್ತು. ಏನನ್ನೋ ಮುಚ್ಚಿ ಭದ್ರ ಮಾಡುವ ಮಾತು ಅಂತ ಮಸುಕಾಗಿ ಗೊತ್ತಿತ್ತು. ನಿಘಂಟು ತೆಗೆಯಲು ಸೋಮಾರಿತನ. ‘ಕಂಪನಿಗಳು ಬಾಗಿಲು ಹಾಕುತ್ತಿವೆ’ ಎಂದು ಬರೆದು ಕಳಿಸಿಬಿಟ್ಟೆ.

ಸಂಪಾದಕಿ ಫೋನ್ ಮಾಡಿದರು. “ಇದೇನ್ರೀ, ಒಂದು ಪ್ಯಾರಾದಲ್ಲಿ ಬಾಗಿಲು ಹಾಕಿದ ಕಂಪನಿಗಳು ಮುಂದಿನ ಪ್ಯಾರಾದಲ್ಲಿ ಸಾಲ ತೀರಿಸ್ತಿವೆ?”

ಕನ್ನಡದಲ್ಲಿ ಕಂಪನಿ ಬಾಗಿಲು ಹಾಕಿತು ಅಂದರೆ ಅದರ ಕಥೆ ಮುಗಿಯಿತು. ಇಂಗ್ಲಿಷಿನ ಮಾತು ಹೇಳುವುದು ತದ್ವಿರುದ್ಧ: ಮುಳುಗದೆ ಮುಂದೆ ಸಾಗಲೆಂದೇ ಮುಚ್ಚುವುದು. ಅದು ಅರ್ಥವಾಗಿದ್ದು ಹಡಗಿನ ಅಟ್ಟ (ಡೆಕ್) ಹೇಗಿರುತ್ತದೆ ಎಂದು ಓದಿದ ಮೇಲೆ.

ಹ್ಯಾಚ್ ಎಂದರೆ ಸರಕನ್ನು ಕೆಳಗಿಳಿಸಲು ಅಟ್ಟದಲ್ಲಿ ಬಿಟ್ಟ ದೊಡ್ಡ ಬಾಯಿ. (ಮೊಟ್ಟೆಯೊಡೆದು ಮರಿಯಾಗುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಸದ್ದಿನ ಪದ. ಮೊದಲ ಸಲ ಓದಿದಾಗ ನನ್ನ ತಲೆಗೆ ಕೋಳಿಯೇ ಬಂದಿತ್ತು!) ಬಿರುಗಾಳಿಯಲ್ಲಿ ಅಲೆ ಅಟ್ಟದ ಮೇಲೆ ಹಾಯ್ದು ಈ ಬಾಯಿಯೊಳಗೆ ನುಗ್ಗಿದರೆ ಹಡಗಿನ ಹೊಟ್ಟೆಯಲ್ಲಿ ನೀರು ತುಂಬಿ ಅದು ಮುಳುಗುತ್ತದೆ. ಅದಕ್ಕೇ ಬಾಯಿಯ ಮೇಲೆ ಡಾಂಬರು ಬಳಿದ ಕ್ಯಾನ್ವಾಸು ಹೊದಿಸಿ, ಅಂಚುಗಳು ಏಳದಂತೆ ಸುತ್ತಲೂ ಮರದ ಪಟ್ಟಿ ಇಟ್ಟು ಮೊಳೆ ಹೊಡೆಯುತ್ತಿದ್ದರು. ಆಮೇಲೆ ಮೊಳೆಯ ಬದಲು ಬೆಣೆ ಬಡಿಯುವ ರೂಢಿಯೂ ಬಂತು. ಆ ಪಟ್ಟಿಯೇ ಬ್ಯಾಟನ್. ನಾವು ಟಾರ್ಪಾಲು ಅನ್ನುವುದು ಆ ಹೊದಿಕೆಯ ಹೆಸರನ್ನೇ.

ನಾವಿಕನೂ ಕವಿಯೂ ಆಗಿದ್ದ ವಿಲಿಯಂ ಫಾಲ್ಕನರ್ 1769ರಲ್ಲಿ ಪ್ರಕಟಿಸಿದ ನಾವಿಕ ನಿಘಂಟಿನಲ್ಲಿ ಈ ಪಟ್ಟಿಗಳ ವಿವರಣೆ ಇದೆ. ಅದೇ ವರ್ಷ ಆತ ಹತ್ತಿದ ‘ಅರೋರಾ’ ಹಡಗು ಗುಡ್ ಹೋಪ್ ಭೂಶಿರ ಬಿಟ್ಟ ಮೇಲೆ ಯಾರಿಗೂ ಕಾಣಿಸಲಿಲ್ಲ. ಪಟ್ಟಿ ಬಡಿಯುವುದನ್ನು ಬರೆದಿಟ್ಟವನನ್ನೇ ಕಡಲು ನುಂಗಿತು.

ಸರಿ, ಕನ್ನಡಕ್ಕೆ ಏನು ಮಾಡುವುದು? ‘ಟೊಂಕ ಕಟ್ಟಿ ನಿಂತರು’ ಹೊಂದುವುದಿಲ್ಲ. ಅದು ಮುನ್ನುಗ್ಗುವವರ ಮಾತು, ಇದು ಹೊಡೆತ ತಡೆದುಕೊಳ್ಳುವವರದು. ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ಇದಕ್ಕೆ ಪೂರಾ ಉಲ್ಟಾ. ಆದರೆ ಆ ಗಾದೆಯನ್ನೇ ಈಗ ಒರೆಗಲ್ಲು ಮಾಡಿಕೊಂಡಿದ್ದೇನೆ. ಕೆಲಸ ಆಪತ್ತಿಗೆ ಮೊದಲು ಆಗಿದೆಯೇ ಎಂದು ನೋಡುತ್ತೇನೆ. ಆಮೇಲೆ ಆಗಿದ್ದರೆ ಇಂಗ್ಲಿಷ್ ಬರೆದವರೇ ತಪ್ಪಿದ್ದಾರೆ. ಹೊರಗೆ ಹೊರಟಾಗ ಮನೆಗೆ ಬೀಗ ಹಾಕುವುದಕ್ಕೂ ಈ ಮಾತು ಸಲ್ಲದು, ಎದುರಿಗೆ ಒಂದು ಬಿರುಗಾಳಿ ಇರಲೇಬೇಕು. ಕೆಲವರು ‘ಬಟನ್ ಡೌನ್’ ಎಂದು ಬರೆಯುವುದುಂಟು. ಗುಂಡಿ ಹಾಕಿದರೆ ಅಲೆ ನಿಲ್ಲುತ್ತದೆಯೇ?

ಆ ಲೇಖನದಲ್ಲಿ ಕೊನೆಗೆ ‘ಹೊಡೆತ ಬೀಳುವ ಮೊದಲೇ ಕಂಪನಿಗಳು ಖರ್ಚು ಬಿಗಿಹಿಡಿದು ಭದ್ರವಾಗುತ್ತಿವೆ’ ಎಂದು ತಿದ್ದಿದೆ. ಸಪ್ಪೆ, ಆದರೆ ಸುಳ್ಳಲ್ಲ. ಚಂಡಮಾರುತದ ಸುದ್ದಿಯಲ್ಲಾದರೆ ಕಷ್ಟವಿಲ್ಲ: ಕಿಟಕಿ ಬಾಗಿಲು ಭದ್ರಪಡಿಸಿ, ಹಾರಿಹೋಗುವಂಥದ್ದನ್ನು ಒಳಗಿಡಿ. ಹಡಗಿನ ಕಥೆಯಲ್ಲಂತೂ ಪಟ್ಟಿ, ಬೆಣೆ, ಟಾರ್ಪಾಲು ಎಲ್ಲವನ್ನೂ ಇದ್ದ ಹಾಗೆ ಇಡುತ್ತೇನೆ.

ತಮಾಷೆಗೆ ಬಳಸಿದಾಗಲೇ ಪೇಚಾಟ. ಮೊನ್ನೆ ಒಂದು ಕಥೆಯಲ್ಲಿ, ರಜೆಗೆ ಬರುವ ಮೊಮ್ಮಕ್ಕಳ ಕಾರು ಗೇಟಿನ ಬಳಿ ಕಂಡಾಗ ಅಜ್ಜ ಹೆಂಡತಿಗೆ ಕೂಗಿ ಹೇಳುವುದು ಇದೇ ಮಾತು. ಎರಡು ದಿನ ಒದ್ದಾಡಿ ಬರೆದೆ: “ಲೇ, ಗಾಜಿನ ಸಾಮಾನೆಲ್ಲ ಮೇಲಕ್ಕೆತ್ತಿಡು, ದಂಡು ಬಂತು!” ಇದರಲ್ಲಿ ಹಡಗೂ ಇಲ್ಲ, ಹಲಗೆಯೂ ಇಲ್ಲ. ಹಾಗೇ ಬಿಟ್ಟಿದ್ದೇನೆ.